ಕಡ್ಡಿ ಮನುಷ್ಯನ ನಡಿಗೆ

ನನ್ನ ಅಡುಗೆಮನೆಯ ಚಮಚದ ಡಬ್ಬಿಯಲ್ಲಿ ಒಂದು ಸಿಕ್ಸ್ ಬಿ ಪೆನ್ಸಿಲ್ ಇದೆ. ಸೌಟು, ಜಾಲರಿ, ಪುಟ್ಟ ಕಡಗೋಲಿನ ನಡುವೆ ಅದೂ ಒಂದು ಅಡುಗೆ ಸಾಮಾನಿನ ಹಾಗೆ ತಲೆ ಎತ್ತಿ ನಿಂತಿದೆ. ಮೊನ್ನೆ ಹುಳಿ ಕುದಿಯುತ್ತಿದ್ದಾಗ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದು ತಿರುವಿಬಿಟ್ಟೆ. ನೋಡಿದರೆ ಪೆನ್ಸಿಲ್! ಆ ಹುಳಿಯನ್ನು ಚೆಲ್ಲಿದೆನೇ ಎಂದು ಕೇಳಬೇಡಿ. ಊಟಕ್ಕೆ ಬಂದಿದ್ದವರು ಚೆನ್ನಾಗಿದೆ ಅಂತ ಎರಡನೇ ಸಲ ಹಾಕಿಸಿಕೊಂಡರು.

ಪೆನ್ಸಿಲ್ ಅಲ್ಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ, ಅರವತ್ತು ದಾಟಿದ ಮೇಲೆ ನಾನು ಕಾಲೇಜಿಗೆ ಸೇರಿದ ಕಥೆ ಹೇಳಬೇಕಾಗುತ್ತದೆ. ಕೂತುಕೊಳ್ಳಿ. ಕಾಫಿ ಬೇಕಾದರೆ ನೀವೇ ಮಾಡಿಕೊಳ್ಳಿ, ನಾನು ಮಾಡಿದರೆ ಯಾವುದರಲ್ಲಿ ತಿರುವುತ್ತೇನೋ ಗೊತ್ತಿಲ್ಲ.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ನೌಕರಿ ಮುಗಿಯುವ ತನಕ ಲೆಕ್ಕ ಹೇಳಿಕೊಟ್ಟವಳು. ಮದುವೆ, ಮಕ್ಕಳು ಎರಡೂ ನನ್ನ ಸಿಲಬಸ್ಸಿನಲ್ಲಿ ಇರಲಿಲ್ಲ. ಕೈವಾರ ಇಲ್ಲದೆ ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ದುಂಡಗಿನ ವೃತ್ತ ಎಳೆಯುತ್ತಿದ್ದೆ. ಇನ್‌ಸ್ಪೆಕ್ಷನ್ನಿಗೆ ಬಂದವರು ಅದನ್ನೇ ನೋಡಿ ಖುಷಿಯಾಗಿ ಉಳಿದದ್ದನ್ನು ಕೇಳದೆ ಹೋದದ್ದುಂಟು. ಮಾರ್ಕಿನ ವಿಷಯದಲ್ಲಿ ಮಾತ್ರ ನಾನು ಬಲು ಜಿಗುಟು. ಅರ್ಧ ಮಾರ್ಕಿಗೆ ಅತ್ತ ಹುಡುಗರೆಷ್ಟೋ! ಬಂದ ಉತ್ತರಕ್ಕೆ ಕೊಡ್ತೀನಿ, ಬಂದ ಕಣ್ಣೀರಿಗೆ ಕೊಡಲ್ಲ ಎನ್ನುತ್ತಿದ್ದೆ. ಈ ಒಂದು ಹೆಸರೇ ಮುಂದೆ ನನ್ನನ್ನು ಕಾಲೇಜಿನ ತನಕ ಎಳೆದುಕೊಂಡು ಹೋಯಿತು.

ನನ್ನ ತಮ್ಮ ನಾಗೇಂದ್ರ ಶಿವಮೊಗ್ಗದಲ್ಲಿ ಸರಕಾರಿ ಕಚೇರಿಯೊಂದರ ಅಧಿಕಾರಿ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಕಚೇರಿಯಲ್ಲಿ ಅವನಿಗೆ ಎಲ್ಲರೂ ಹೆದರುತ್ತಾರಂತೆ. ನನಗಂತೂ ಅವನು ಇವತ್ತಿಗೂ ನಾಗೂ. ಅವನಿಗೆ ಒಬ್ಬಳೇ ಮಗಳು, ಅನಘಾ. ಪಿಯುಸಿ ಮುಗಿಸಿದ ಹುಡುಗಿ ಒಂದು ದಿನ ಊಟದ ಹೊತ್ತಿಗೆ, ನವುಲೆ ದಾಟಿದ ಮೇಲೆ ಒಂದು ಕಾಲೇಜಿದೆ, ಅಲ್ಲಿ ಚಿತ್ರಕಲೆ, ಡಿಸೈನು, ಅನಿಮೇಷನ್ನು, ಸಿನಿಮಾ ಎಲ್ಲ ಸೇರಿಸಿ ಒಂದು ವರ್ಷದ ಫೌಂಡೇಶನ್ ಕೋರ್ಸ್ ಇದೆ, ನಾನು ಸೇರ್ತೀನಿ ಅಂದಳು. ಅದು ಪಾಸಾದರೆ ಅಲ್ಲೇ ಮೂರು ವರ್ಷದ ಡಿಗ್ರಿಯಂತೆ. ನಾಗೂ ಅನ್ನ ಕಲಸುತ್ತಿದ್ದ ಕೈ ಹಾಗೇ ನಿಲ್ಲಿಸಿದ. ಅವತ್ತು ನಾನೂ ಅಲ್ಲೇ ಎಲೆ ಮುಂದೆ ಇದ್ದೆ.

"ಅಲ್ಲಾ ಅಕ್ಕಾ, ಚಿತ್ರ ಬರೆಯೋಕೆ ಕಾಲೇಜ್ ಬೇರೆ ಯಾಕೆ? ಮನೇಲೇ ಬರೀಲಿ. ಬೇಕಾದ್ರೆ ಹಾಲಿನ ಗೋಡೆ ಪೂರಾ ಬಿಟ್ಟುಕೊಡ್ತೀನಿ."

"ನೀನು ಆ ಕಾಲೇಜನ್ನ ನೋಡಿದ್ದೀಯೇನೋ?"

"ನಾನ್ಯಾಕೆ ನೋಡ್ಲಿ? ನೀನು ಹೋಗಿ ನೋಡು. ರಿಟೈರಾಗಿ ಮನೇಲಿ ಪೇಪರ್ ಓದ್ಕೊಂಡು ಕೂತಿದ್ದೀಯಲ್ಲ!"

ಅವನು ತಮಾಷೆಗೆ ಅಂದದ್ದು. ನನಗೆ ತಮಾಷೆ ಅರ್ಥವಾಗುವುದು ಸ್ವಲ್ಪ ನಿಧಾನ. "ಆಯ್ತು, ಹೋಗ್ತೀನಿ" ಅಂದೆ. ಹೋಗಿ ನೋಡುವುದೇನು ಬಂತು, ಸೇರಿಯೇ ಬಿಡುತ್ತೇನೆ, ಆ ಕೋರ್ಸಿಗೆ ವಯಸ್ಸಿನ ಮಿತಿ ಇಲ್ಲವಂತಲ್ಲ ಅಂದೆ. ಅನಘಾಳ ಕೈಲಿದ್ದ ಹಪ್ಪಳ ಮುರಿದು ಸಾರಿಗೆ ಬಿತ್ತು.  ನಾಗೂ ಕಚೇರಿಯಲ್ಲಿ ಆರ್ಡರ್ ಬರೆಸುವ ಧಾಟಿಯಲ್ಲಿ ಹೇಳಿದ: "ಸರಿ. ಒಂದು ವರ್ಷ ಇಬ್ರೂ ಹೋಗಿ. ಕೊನೇಲಿ ನೀನು ಹೇಳ್ಬೇಕು ಅಕ್ಕಾ. ಇವಳಿಗೆ ಅದು ಬರುತ್ತೆ, ಅದೊಂದು ವಿದ್ಯೆ ಹೌದು ಅಂತ ನೀನು ಪಾಸ್ ಮಾಡಿದ್ರೆ ಮುಂದೆ ಓದ್ಲಿ. ಇಲ್ಲಾಂದ್ರೆ ಬಿಕಾಂ. ಅತ್ತೆ ಅಂತ ಕನಿಕರ ತೋರಿಸ್ಬಾರ್ದು."

"ನಾನು ಯಾವತ್ತು ಕನಿಕರ ತೋರ್ಸಿದ್ದೀನಿ?" ಅಂದೆ. ಅನಘಾ ನನ್ನನ್ನು ನೋಡಿದ ನೋಟದಲ್ಲಿ ಧನ್ಯವಾದಕ್ಕಿಂತ ಗಾಬರಿಯೇ ಹೆಚ್ಚಿತ್ತು.

ಹೀಗೆ ನಾನು ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹತ್ತಿ ವಿದ್ಯಾರ್ಥಿನಿಯಾದೆ. ಬ್ಯಾಗಿನಲ್ಲಿ ಊಟದ ಚಮಚದ ಜೊತೆ ಚಿತ್ರ ಬರೆಯುವ ಸಿಕ್ಸ್ ಬಿ ಪೆನ್ಸಿಲ್, ಸಂಜೆ ಎರಡೂ ಒಟ್ಟಿಗೆ ಚಮಚದ ಡಬ್ಬಿ ಸೇರುತ್ತಿದ್ದವು. ಮೊದಲನೇ ದಿನ ಕ್ಲಾಸಿನ ಬಾಗಿಲಲ್ಲಿ ಕಾಲಿಟ್ಟೆ, ಅಷ್ಟೆ. ಮುಂದೆ ನಿಂತಿದ್ದ ಗಡ್ಡದ ಯುವಕ ಮಾರ್ಕರ್ ಕೆಳಗಿಟ್ಟು ನೆಟ್ಟಗೆ ನಿಂತು "ನಮಸ್ತೇ ಮಿಸ್!" ಅಂದ. ರಾಗ ಎಳೆದು, ಹೈಸ್ಕೂಲಿನ ಹುಡುಗರು ಅನ್ನುವ ಹಾಗೆ. ಗಡ್ಡದ ಹಿಂದೆ ಹುಡುಕಿದರೆ ರೋಹಿತ! ಎಂಟನೇ ಕ್ಲಾಸಿನಲ್ಲಿ ಲೆಕ್ಕದ ಪುಸ್ತಕದ ಮೂಲೆಮೂಲೆಯಲ್ಲಿ ಓಡುವ ಕುದುರೆ ಬರೆದು, ಹಾಳೆಗಳನ್ನು ಸರ್ರನೆ ಬಿಟ್ಟು ಓಡಿಸಿ, ನನ್ನ ಕೈಲಿ ಕಿವಿ ಹಿಂಡಿಸಿಕೊಂಡಿದ್ದ ರೋಹಿತ. ಈಗ ಅದೇ ಕುದುರೆಗೆ ಅವನಿಗೆ ಸಂಬಳ.

"ಕೂತ್ಕೊಳ್ಳಪ್ಪಾ" ಅಂದುಬಿಟ್ಟೆ, ಅಭ್ಯಾಸ ಬಲ. ಅವನು ಕೂತೂಬಿಟ್ಟ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವತ್ತಿನಿಂದ ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಕ್ಲಾಸಿನೊಳಗೆ ನಾನು ಅವನಿಗೆ ಸರ್ ಅನ್ನಬೇಕು, ಕ್ಯಾಂಟೀನಿನಲ್ಲಿ ಅವನು ನನಗೆ ಮಿಸ್ ಅನ್ನಬೇಕು. ಅವನ ಬಾಯಿಗೆ ಮಾತ್ರ ಕ್ಲಾಸಿನಲ್ಲೂ ಮಿಸ್ ಅನ್ನುವುದೇ ಬರುತ್ತಿತ್ತು. ಕಾರಿಡಾರಿನಲ್ಲಿ ಸಿಕ್ಕಿದರೆ ಇಬ್ಬರೂ ಗೋಡೆ ನೋಡುತ್ತಾ ಹೋಗುತ್ತಿದ್ದೆವು.

ಈ ಕೋರ್ಸಿನಲ್ಲಿ ಏನು ಹೇಳಿಕೊಡುತ್ತಾರೆ ಅಂತ ನನ್ನನ್ನು ಅಕ್ಕಪಕ್ಕದವರು ಬೇಕಾದಷ್ಟು ಸಲ ಕೇಳಿದ್ದಾರೆ. ಮೊದಲ ವಾರ ಹೇಳಿಕೊಟ್ಟದ್ದು ಬದನೆಕಾಯಿ. ಒಂದು ಬದನೆಕಾಯಿಯನ್ನು ಸ್ಟೂಲಿನ ಮೇಲಿಟ್ಟು ಬರೀರಿ ಅಂದರು. ಅದರಲ್ಲೇನಿದೆ ಎಂದು ನಾನು ತೊಟ್ಟು, ಟೋಪಿ, ಹೊಟ್ಟೆ ಎಲ್ಲ ಬರೆದು ಮುಗಿಸಿದೆ. ರೋಹಿತ್ ಸರ್ ಬಂದು ನಿಂತರು. "ಮಿಸ್, ಇದು ನೀವು ಅಡುಗೆಗೆ ತರೋ ಬದನೆಕಾಯಿ. ಅಲ್ಲಿ ಸ್ಟೂಲ್ ಮೇಲಿರೋದು ಬೇರೆ. ಅದರ ತೊಟ್ಟು ಯಾವ ಕಡೆ ವಾಲಿದೆ ನೋಡಿ." ನೋಡಿದೆ. ಎಡಕ್ಕಿತ್ತು. ನನ್ನದು ಬಲಕ್ಕಿತ್ತು. ಕಣ್ಣಮುಂದೆ ಇದ್ದದ್ದನ್ನು ಬಿಟ್ಟು ತಲೆಯಲ್ಲಿದ್ದದ್ದನ್ನು ಬರೆದಿದ್ದೆ. ಎರಡನೇ ವಾರ ಹಾಳೆ ನೋಡದೆ ಬರೀಬೇಕು ಅಂದರು. ಕಣ್ಣು ವಸ್ತುವಿನ ಮೇಲೆ, ಕೈ ತನ್ನ ಪಾಡಿಗೆ ತಾನು. ಎದುರು ಕೂತ ಹುಡುಗಿಯ ಮುಖ ಬರೆದೆ. ಮೂಗು ಕಿವಿಯ ಪಕ್ಕ ಬಂದಿತ್ತು. ಆ ಮಗು ಒಳ್ಳೆಯದು, ಕ್ಯೂಟಾಗಿದೆ ಮಿಸ್ ಅಂತ ಫೋಟೋ ತೆಗೆದುಕೊಂಡಿತು.

ಹಾಳೆ ವ್ಯರ್ಥವಾಗುವುದನ್ನು ಕಂಡರೆ ಮಾತ್ರ ನನ್ನ ಜೀವ ಹೋಗುತ್ತಿತ್ತು. ನಾವು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಎಡಕ್ಕೆ ತಮಿಳರ ಮನೆ, ಬಲಕ್ಕೆ ತೆಲುಗರ ಮನೆ, ಸೈರನ್ ಕೂಗಿದರೆ ಎಲ್ಲರ ಮನೆಯಲ್ಲೂ ಒಟ್ಟಿಗೆ ಅನ್ನಕ್ಕೆ ನೀರು. ಕಾಗದ ಮಾಡುವ ಊರಿನಲ್ಲಿ ಕಾಗದಕ್ಕೇನು ಬರ ಅಂದುಕೊಳ್ಳಬೇಡಿ. ತೆಲುಗರ ಮನೆಯ ಮಾಮ ತಂದುಕೊಡುತ್ತಿದ್ದ ಅಂಚು ಹರಿದ ಹಾಳೆಗಳನ್ನು ಅಮ್ಮ ದಬ್ಬಳದಲ್ಲಿ ಹೊಲಿದು ರಫ್ ಪುಸ್ತಕ ಮಾಡಿಕೊಡುತ್ತಿದ್ದಳು. ಎರಡೂ ಬದಿ ತುಂಬಿದ ಮೇಲೂ ಅಂಚಿನಲ್ಲಿ ಬರೆಯಬೇಕು. ಅಪ್ಪನ ಬಳಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇದ್ದ ಪೆನ್ಸಿಲ್ ಇತ್ತು. ಅದು ನಮಗೆ ವರ್ಷಕ್ಕೊಮ್ಮೆ, ಆಯುಧಪೂಜೆ ದಿನ ಮುಟ್ಟಲು ಸಿಗುತ್ತಿತ್ತು. ಅಂಥ ನನಗೆ, ಒಂದು ಗೆರೆ ಎಳೆದು ಹಾಳೆ ಬದಿಗೆಸೆದು ಇನ್ನೊಂದು ತೊಗೊಳ್ಳಿ ಅಂದರೆ ಕೈ ಬರುವುದು ಹೇಗೆ? ಬದನೆಕಾಯಿ ಬರೆದ ಹಾಳೆಯ ಹಿಂಬದಿಯಲ್ಲೇ ಮುಖ ಬರೆದು ಕೊಡುತ್ತಿದ್ದೆ.

ಹೊರಗೆ ಹೋಗಿ ಬರೆಯುವ ದಿನ ನಮ್ಮನ್ನು ಗಾಂಧಿ ಬಜಾರಿಗೆ ಬಿಟ್ಟರು. ಹೂವಿನ ಸಾಲಿನ ಎದುರು ಮಡಚುವ ಸ್ಟೂಲು ಹಾಕಿಕೊಂಡು ಕೂತೆ. ಜನ ಸುತ್ತ ನಿಂತೇಬಿಟ್ಟರು. "ಸರ್ವೆಗೆ ಬಂದಿದ್ದಾರೆ, ರೋಡ್ ಅಗಲ ಮಾಡ್ತಾರಂತೆ" ಎಂದು ಒಬ್ಬ ಘೋಷಣೆ ಮಾಡಿದ. ಹೂ ಮಾರುವವ ತನ್ನ ಚಿತ್ರ ನೋಡಿ, "ಕ್ಯಾ ಅಮ್ಮಾ, ಮೂಗು ಇಷ್ಟು ಉದ್ದ ಮಾಡ್ಬಿಟ್ರಿ, ಬಿಲ್ಕುಲ್ ನಮ್ಮ ಮಾವನ ಥರ ಆಯ್ತಲ್ಲ!" ಅಂದ. ಒಂದು ಮಾರು ಮಲ್ಲಿಗೆ ಮಾತ್ರ ಪುಕ್ಕಟೆ ಕೊಟ್ಟ.

ಇನ್ನೊಂದು ದಿನ ಎಲ್ಲರ ಚಿತ್ರವನ್ನೂ ಗೋಡೆಗೆ ಅಂಟಿಸಿ, ಒಬ್ಬರದರ ಬಗ್ಗೆ ಒಬ್ಬರು ಮಾತಾಡಿ ಅಂದರು. ಮಾತು ಯಾಕೆ ದಂಡ ಎಂದು ನಾನು ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಸಾಲಾಗಿ ಹೋಗಿ ಎಲ್ಲದರ ಮೂಲೆಯಲ್ಲೂ ಹತ್ತಕ್ಕೆ ಇಷ್ಟು ಎಂದು ಹಾಕುತ್ತಾ ಬಂದೆ. ಸುತ್ತು ಮುಗಿಸಿ ತಿರುಗಿದರೆ ಕ್ಲಾಸು ಕ್ಲಾಸೇ ಬಾಯಿ ಬಿಟ್ಟುಕೊಂಡು ನಿಂತಿದೆ. ಒಂದು ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿತು: "ಮಿಸ್, ನಂಗೆ ಅರ್ಧ ಯಾಕೆ ಕಟ್?"

ನಗಬೇಡಿ. ಆ ಸುತ್ತಿನಲ್ಲಿ ಅತ್ಯಂತ ಕಡಿಮೆ ಬಂದದ್ದು ಅನಘಾಳಿಗೆ. ನಾಲ್ಕು. ಅದೂ ನಾನೇ ಕೊಟ್ಟದ್ದು.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹುಡುಗಿಗೆ ಕೈ ಓಡುತ್ತಿರಲಿಲ್ಲ. ಅವಳ ಕುರ್ಚಿಗೆ ಮೂರೂವರೆ ಕಾಲು, ಅವಳ ಬದನೆಕಾಯಿ ನೋಡಿದರೆ ತೋಟದ ಪಂಪ್‌ಸೆಟ್ಟು. ಡಿಸೈನ್ ಕ್ಲಾಸಿನಲ್ಲಿ ಬಣ್ಣ ಬೆರೆಸಿದರೆ ಎಲ್ಲವೂ ಕೊನೆಗೆ ಹುಣಸೆಹಣ್ಣಿನ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಆದರೆ ಬಿಡುತ್ತಿರಲಿಲ್ಲ ಮಾರಾಯ್ತಿ. ಎಲ್ಲರೂ ಬರೆದು ಮುಗಿಸಿ ಕ್ಯಾಂಟೀನಿಗೆ ಹೋದರೂ ಆ ಸ್ಟೂಲನ್ನೇ ನೋಡುತ್ತಾ ಕೂತಿರುತ್ತಿದ್ದಳು. "ಬರಿಯೇ, ನೋಡ್ತಾ ಕೂತ್ರೆ ಅದೇ ಬಂದು ಹಾಳೆ ಮೇಲೆ ಕೂರುತ್ತಾ?" ಎಂದು ನಾನು ರೇಗುತ್ತಿದ್ದೆ.

ದಸರಾ ರಜೆಯ ಹೊತ್ತಿಗೆ ನಾಗೂ ಕೇಳಿದ: "ಹೆಂಗಿದೆ ಅಕ್ಕಾ?" ಇನ್ನೂ ವರ್ಷ ಮುಗಿದಿಲ್ಲ, ಮಧ್ಯದಲ್ಲಿ ರಿಸಲ್ಟ್ ಕೊಡೋದಿಲ್ಲ ಎಂದು ಬಾಯಿ ಮುಚ್ಚಿಸಿದೆ. ಆದರೆ ವಾಪಸ್ ಬಸ್ಸಿನಲ್ಲಿ ಅದೇ ಲೆಕ್ಕ ಹಾಕುತ್ತಾ ಕೂತೆ. ಹುಡುಗಿಯ ಮೇಲೆ ನನಗೆ ಪ್ರೀತಿ ಇರುವುದು ನಿಜ, ಅವಳ ಕೈ ಓಡದಿರುವುದೂ ನಿಜ. ಬಿಕಾಂ ಓದಿದರೆ ಏನು ಪ್ರಪಂಚ ಮುಳುಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವಳ ಮುಖ ನೆನಪಾದರೆ ಆ ಸಮಾಧಾನ ನಿಲ್ಲುತ್ತಿರಲಿಲ್ಲ.

ಅನಿಮೇಷನ್ ಪಾಠ ಬಂದದ್ದು ಸಂಕ್ರಾಂತಿಯ ನಂತರ. ಕೆಳಗೆ ಟ್ಯೂಬ್‌ಲೈಟು, ಮೇಲೆ ಗಾಜು ಇರುವ ಪೆಟ್ಟಿಗೆ ಒಬ್ಬೊಬ್ಬರಿಗೂ ಒಂದು. ಗಾಜಿನ ಮೇಲೆ ಹಾಳೆಯ ಮೇಲೆ ಹಾಳೆ ಇಟ್ಟರೆ ಕೆಳಗಿನ ಚಿತ್ರ ಮೇಲಕ್ಕೆ ಕಾಣುತ್ತದೆ. ಒಂದೊಂದು ಹಾಳೆಯಲ್ಲೂ ಕೈಕಾಲನ್ನು ಚೂರು ಚೂರು ಸರಿಸಿ ಬರೆದು, ಎಲ್ಲದರ ಫೋಟೋ ತೆಗೆದು ಒಟ್ಟಿಗೆ ಓಡಿಸಿದರೆ ಚಿತ್ರ ನಡೆಯುತ್ತದೆ. ರೋಹಿತ್ ಸರ್ ಕೊಟ್ಟ ಕೆಲಸ ಇಷ್ಟೇ: ನಿಮಗೆ ಗೊತ್ತಿರುವ ಒಬ್ಬರ ನಡಿಗೆ. ಮುಖ ಇಲ್ಲ, ಬಟ್ಟೆ ಇಲ್ಲ, ಬರೀ ಕಡ್ಡಿ ಮನುಷ್ಯ. ನಡಿಗೆ ನೋಡಿಯೇ ಅವರು ಯಾರೆಂದು ಗೊತ್ತಾಗಬೇಕು. ವರ್ಷದ ಕೊನೆಯಲ್ಲಿ ಮನೆಯವರನ್ನೆಲ್ಲ ಕರೆದು ತೋರಿಸುವುದೂ ಇದನ್ನೇ.

ನಾನು ನಮ್ಮ ಹಳೆಯ ಹೆಡ್‌ಮಾಸ್ಟರ ನಡಿಗೆ ಆರಿಸಿಕೊಂಡೆ. ಮೊಣಕಾಲಿಗೆ ಇಷ್ಟು ಡಿಗ್ರಿ, ತೊಡೆಗೆ ಇಷ್ಟು ಡಿಗ್ರಿ ಅಂತ ಕೋನಮಾಪಕ ಇಟ್ಟು ಬರೆದೆ. ಓಡಿಸಿ ನೋಡಿದರೆ ನಡೆಯುತ್ತಿದ್ದದ್ದು ಹೆಡ್‌ಮಾಸ್ಟರಲ್ಲ, ಕೈವಾರ. ರೋಹಿತ್ ಸರ್ ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ಲೆಕ್ಕ ಸರಿಯಾಗಿದೆ ಮಿಸ್" ಎಂದರು. ಮಾರ್ಕು ಕಡಿಮೆ ಬಂದವರಿಗೆ ಅಕ್ಷರ ದುಂಡಗಿದೆ ಎಂದು ನಾನು ಹೇಳುತ್ತಿದ್ದೆನಲ್ಲ, ಅದೇ ಧ್ವನಿ.

ಆಮೇಲೆ ಅನಘಾಳದ್ದು. ಕಡ್ಡಿ ಮನುಷ್ಯ ಬಲಗೈಯನ್ನು ಎದೆಯ ಎಡಭಾಗಕ್ಕೆ, ಶರಟಿನ ಜೇಬು ಇರುವಲ್ಲಿ, ಒತ್ತಿ ಹಿಡಿದಿದ್ದ. ಎಡಗೈ ಬೀಸುತ್ತಾ ತಲೆ ತುಸು ಮುಂದಕ್ಕೆ ಹಾಕಿ ನಡೆಯುತ್ತಿದ್ದ. ರೋಹಿತ್ ಸರ್ ತಕ್ಷಣ ನಿಲ್ಲಿಸಿದರು.

"ಅನಘಾ, ಎಡಗೈ ಎಡಗಾಲು ಎರಡೂ ಒಟ್ಟಿಗೆ ಮುಂದೆ ಹೋಗ್ತಿವೆ. ಎಡಗೈ ಬಲಗಾಲಿನ ಜೊತೆ ಹೋಗ್ಬೇಕು. ಹೊಸಬರು ಎಲ್ರೂ ಮಾಡೋ ತಪ್ಪೇ, ಬೇಜಾರು ಮಾಡ್ಕೋಬೇಡ. ಮೊದಲಿಂದ ಬರಿ."

"ತಪ್ಪಲ್ಲ ಸರ್. ಅಪ್ಪ ಹಂಗೇ ನಡೆಯೋದು."

ನಾನು ಸುಮ್ಮನಿರುವ ಹೆಣ್ಣೇ? "ಏನೇ ಹೇಳ್ತೀಯ! ಅವನು ಅಂಬೆಗಾಲು ಬಿಟ್ಟು ನಡೆಯೋಕೆ ಕಲಿತಾಗ ಕೈ ಹಿಡಿದೋಳು ನಾನು. ಐವತ್ತು ವರ್ಷದ ಮೇಲೆ ನೋಡ್ತಾ ಇದ್ದೀನಿ. ಹಂಗೆಲ್ಲ ನಡೆಯಲ್ಲ ಅವನು. ಸರ್ ಹೇಳಿದ್ದನ್ನ ಕೇಳು."

ಹುಡುಗಿ ನನ್ನ ಕಡೆ ತಿರುಗಿ, ಜಗಳವೇನೂ ಇಲ್ಲದ ಧ್ವನಿಯಲ್ಲಿ ಹೇಳಿದಳು: "ಅತ್ತೆ, ನೀನು ಯಾವಾಗ್ಲೂ ಅಪ್ಪನ ಮುಂದೆ ಮುಂದೆ ಹೋಗ್ತೀಯ. ಹಿಂದೆ ನಡ್ಕೊಂಡು ಬಂದಿರೋಳು ನಾನು."

ನಾನು ಕೋನಮಾಪಕ ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಬರುವ ಸೋಮವಾರದೊಳಗೆ ಅದು ನಿಜವೆಂದು ತೋರಿಸು, ಇಲ್ಲದಿದ್ದರೆ ತಿದ್ದು ಎಂದರು ರೋಹಿತ್ ಸರ್. ಪುರಾವೆ ಹುಡುಕುವ ಕೆಲಸ ನಾನೇ ವಹಿಸಿಕೊಂಡೆ. ಭಾನುವಾರ ಬೆಳಿಗ್ಗೆ ನಾಗೂ ಮನೆಗೆ ಹೋಗಿ, "ಲೋ, ಸ್ವಲ್ಪ ಹಾಲಿನಲ್ಲಿ ನಡೆದು ತೋರ್ಸು" ಅಂದೆ.

"ಯಾಕೆ?"

"ಕಾಲೇಜಿನ ಹೋಂವರ್ಕು. ಪ್ರಶ್ನೆ ಕೇಳ್ಬೇಡ."

ಹೆಣ್ಣು ನೋಡಲು ಬಂದವರ ಮುಂದೆ ನಡೆಯುವ ಹುಡುಗಿಯ ಹಾಗೆ ಅವನು ಸೋಫಾದಿಂದ ಟೀವಿಯ ತನಕ ನಡೆದ. ಎರಡೂ ಕೈ ಇಳಿಬಿಟ್ಟು, ಎಡಗಾಲಿಗೆ ಬಲಗೈ, ಬಲಗಾಲಿಗೆ ಎಡಗೈ, ಒಂದಿಷ್ಟೂ ತಪ್ಪದೆ, ಎಣಿಸಿಕೊಂಡು ನಡೆದ ಹಾಗಿತ್ತು. ಅವನ ಹೆಂಡತಿ ವಸುಧಾ ಅಡುಗೆಮನೆಯಿಂದ ಇಣುಕಿ, "ಇದೇನ್ರೀ, ಸೊಂಟ ಹಿಡ್ಕೊಂಡಿದೆಯಾ?" ಎಂದು ಕೇಳಿದಳು. ನೋಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಯಾರು ತಾನೇ ತಮ್ಮ ನಡಿಗೆ ನಡೆಯುತ್ತಾರೆ? ನನಗೆ ಆಗಲೇ ಅನುಮಾನ ಬಂತು.

ಸಂಜೆ ಸಾಮಾನು ತರುವ ನೆಪದಲ್ಲಿ ಅವನನ್ನು ಗಾಂಧಿ ಬಜಾರಿಗೆ ಎಬ್ಬಿಸಿಕೊಂಡು ಹೋದೆ. ಜನಜಂಗುಳಿಯಲ್ಲಿ ಬಾಳೆಹಣ್ಣಿನ ಗಾಡಿ ಮುಂದೆ ನಿಂತು, "ನೀನು ಹೋಗ್ತಿರು, ಬಂದೆ" ಅಂದೆ. ಹೋದ. ಹಿಂದಿನಿಂದ ನೋಡಿದೆ. ಬಲಗೈ ಕನ್ನಡಕದ ಡಬ್ಬಿ ಇಟ್ಟುಕೊಂಡಿದ್ದ ಜೇಬಿನ ಮೇಲೆ ಕೂತಿತ್ತು. ಎಡಗೈ ಮುಂದೆ, ಅದರ ಜೊತೆಗೇ ಎಡಗಾಲೂ ಮುಂದೆ. ಕಡ್ಡಿ ಮನುಷ್ಯನೇ ಶರಟು ಹಾಕಿಕೊಂಡು ಬಜಾರಿನಲ್ಲಿ ನಡೆಯುತ್ತಿದ್ದ ಹಾಗಿತ್ತು.

ನೋಡುತ್ತಾ ನಿಂತವಳಿಗೆ ಇದ್ದಕ್ಕಿದ್ದಂತೆ ನಮ್ಮ ಶಾಲೆಯ ಮೈದಾನ ಕಣ್ಣಮುಂದೆ ಬಂತು. ಸ್ವಾತಂತ್ರ್ಯ ದಿನದ ಪೆರೇಡಿಗೆ ಅಭ್ಯಾಸ. ನಾನು ಹತ್ತನೇ ಕ್ಲಾಸು, ಹುಡುಗಿಯರ ಸಾಲಿನ ಲೀಡರ್, ಕೋಲು ಹಿಡಿದು ಎಲ್ಲರಿಗಿಂತ ಮುಂದೆ. ನಾಗೂ ಆರನೇ ಕ್ಲಾಸು, ಹಿಂದೆಲ್ಲೋ ಚಿಕ್ಕ ಹುಡುಗರ ಸಾಲಿನಲ್ಲಿ. ಡ್ರಿಲ್ ಮೇಷ್ಟ್ರು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು: "ಡೇ, ಮೂರನೇ ಸಾಲು! ಎಡಗಾಲಿಗೆ ಬಲಗೈ ಕಣೋ! ಗೊಂಬೆ ಥರ ಆಡ್ತೀಯಲ್ಲೋ!" ಮೈದಾನವೆಲ್ಲ ನಗುತ್ತಿತ್ತು. ಯಾರಿಗೆ ಬೈಯುತ್ತಿದ್ದಾರೆ ಎಂದು ನಾನು ತಿರುಗಿ ನೋಡಲಿಲ್ಲ. ಲೀಡರ್ ತಿರುಗಿ ನೋಡುವ ಹಾಗಿಲ್ಲ. ಸ್ವಾತಂತ್ರ್ಯ ದಿನದಂದು ನೋಡಿದರೆ ನಮ್ಮ ನಾಗೂ ಇಸ್ತ್ರಿ ಮಾಡಿದ ಬಿಳಿ ಚಡ್ಡಿ ಹಾಕಿಕೊಂಡು ಬೂಂದಿಯ ಬಕೆಟ್ಟಿನ ಪಕ್ಕ ನಿಂತಿದ್ದ. ಮನೆಗೆ ಬಂದು ಅಮ್ಮನಿಗೆ, "ನನ್ನನ್ನ ಬೂಂದಿ ಹಂಚೋಕೆ ಸೆಲೆಕ್ಟ್ ಮಾಡಿದ್ರು" ಎಂದ. ಅಮ್ಮ ಜಾಣ ಮರಿ ಎಂದು ದೃಷ್ಟಿ ತೆಗೆದಳು. ಮೈದಾನದಲ್ಲಿ ಬೈಸಿಕೊಂಡದ್ದು ಇವನೇ ಎಂದು ನನಗೆ ಹೊಳೆದದ್ದು ಈಗ. ಆಮೇಲಿಂದಲೇ ಇರಬೇಕು, ಅವನ ಒಂದು ಕೈ ಯಾವಾಗಲೂ ಜೇಬಿನ ಮೇಲೆ. ಒಂದು ಕೈ ಕಟ್ಟಿಹಾಕಿದರೆ ತಪ್ಪು ಅರ್ಧ ಮುಚ್ಚಿಹೋಗುತ್ತದಲ್ಲ.

ಕಚೇರಿ ನಡುಗಿಸುವ ಗಂಡಸು ಇಷ್ಟು ವರ್ಷ ಹೀಗೆ ಮುಚ್ಚಿಕೊಂಡು ನಡೆದನಲ್ಲ ಎಂದು ಅವನು ಮರೆಯಾಗುವ ತನಕ ಅಲ್ಲೇ ನೋಡುತ್ತಾ ನಿಂತೆ. ಗಾಡಿಯವನು "ಹಣ್ಣು ಬೇಕೋ ಬ್ಯಾಡ್ವೋ ಅಮ್ಮಾ?" ಎಂದು ಎರಡು ಸಲ ಕೇಳಿದ. ಬೇಡದಿದ್ದರೂ ಒಂದು ಚಿಪ್ಪು ತೆಗೆದುಕೊಂಡೆ.

ಅನಘಾಳನ್ನು ಕ್ಯಾಂಟೀನಿಗೆ ಕರೆದು ಎಲ್ಲ ಹೇಳಿದೆ. ಹುಡುಗಿಯ ಮುಖ ಬಾಡಿತು.

"ಅಯ್ಯೋ ಅತ್ತೆ, ನಂಗೊತ್ತೇ ಇರ್ಲಿಲ್ಲ. ಇದನ್ನ ಎಲ್ರ ಮುಂದೆ ಸ್ಕ್ರೀನ್ ಮೇಲೆ ಹಾಕಿದ್ರೆ ಅಪ್ಪನಿಗೆ ಅವಮಾನ ಆಗುತ್ತೆ. ಸಿಟ್ಟು ಬಂದ್ರೆ ಮುಗೀತು, ನೀನು ಪಾಸ್ ಮಾಡಿದ್ರೂ ಕೇಳಲ್ಲ. ತೆಗೆದುಬಿಡ್ತೀನಿ. ಅಮ್ಮನ ನಡಿಗೆ ಹಾಕ್ತೀನಿ, ಅದು ಸುಲಭ."

ಅವಳು ಹೇಳಿದ್ದು ಸುಳ್ಳಲ್ಲ. ನಾಗೂನ ಸಿಟ್ಟು ನನಗೂ ಗೊತ್ತು. ಅಮ್ಮನ ನಡಿಗೆ ಹಾಕಿದರೆ ಎಲ್ಲರೂ ನಕ್ಕು ಚಪ್ಪಾಳೆ ತಟ್ಟುತ್ತಾರೆ, ನಾನೂ ಕಣ್ಣು ಮುಚ್ಚಿ ಪಾಸ್ ಅನ್ನಬಹುದು. ಆದರೆ ಅದು ಕನಿಕರದ ಪಾಸು. ಕುರ್ಚಿಗೆ ಮೂರೂವರೆ ಕಾಲು ಬರೆದ ಹುಡುಗಿ, ನಾವೆಲ್ಲ ಬರೆದೆಸೆದು ಹೋದ ಮೇಲೂ ಸ್ಟೂಲು ನೋಡುತ್ತಾ ಕೂತಿರುತ್ತಿದ್ದವಳು, ಒಡಹುಟ್ಟಿದವಳಿಗೂ ಕಟ್ಟಿಕೊಂಡವಳಿಗೂ ಕಾಣದ್ದನ್ನು ಕಂಡಿದ್ದಳು. ನನ್ನ ಮಟ್ಟಿಗೆ ಅದು ಪೂರ್ತಿ ಮಾರ್ಕಿನ ಉತ್ತರ.

"ಸರಿ ಉತ್ತರ ಬರೆದು ಹೆದರಿ ಅಳಿಸೋ ಮಕ್ಕಳನ್ನ ಕಂಡ್ರೆ ನಂಗೆ ಮೊದಲಿಂದ್ಲೂ ಆಗಲ್ಲ" ಅಂದೆ. "ಒಂದು ಗೆರೆ ಮುಟ್ಟಬೇಡ. ಬಂದದ್ದು ಬರ್ಲಿ, ನಾನಿದ್ದೀನಿ."

ಧೈರ್ಯವಾಗಿ ಹೇಳಿದೆ. ಪ್ರದರ್ಶನದ ದಿನ ಹಾಲಿನಲ್ಲಿ ನಾಗೂ ಪಕ್ಕ ಕೂತಾಗ ಮಾತ್ರ ಬಾಗಿಲು ಎಷ್ಟು ದೂರವಿದೆ ಎಂದು ಅಳೆದುಕೊಂಡೆ. ಅವನ ಆಚೆ ವಸುಧಾ, ಹಿಂದೆ ಮುಂದೆಲ್ಲ ಮಕ್ಕಳ ಅಪ್ಪ ಅಮ್ಮಂದಿರು. ಮೊದಲು ನನ್ನ ಹೆಡ್‌ಮಾಸ್ಟರ್ ಬಂದ. ಜನ ಬಿದ್ದು ಬಿದ್ದು ನಕ್ಕರು. ನಾಗೂನೂ ಕಣ್ಣೊರೆಸಿಕೊಂಡು ನಕ್ಕ. "ಇದಕ್ಕೇನಾ ಅಕ್ಕಾ ದಿನಾ ಬಸ್ಸಲ್ಲಿ ಬರ್ತಿದ್ದದ್ದು?" ಎಂದ. ಮತ್ತೆ ಕೆಲವರ ಅಜ್ಜಂದಿರು, ಒಬ್ಬ ಕಂಡಕ್ಟರ್ ನಡೆದುಹೋದರು. ಆಮೇಲೆ ಬಿಳಿ ಪರದೆಯ ಮೇಲೆ, ಬಲಗೈ ಎದೆಗೊತ್ತಿ, ಕಡ್ಡಿ ಮನುಷ್ಯ ಬಂದ.

"ಅಯ್ಯೋ, ಇದು ನೀವಲ್ವೇನ್ರೀ!" ವಸುಧಾ ಕೂಗಿಯೇಬಿಟ್ಟಳು. ಹಿಂದಿನ ಸಾಲುಗಳು ಕತ್ತು ಚಾಚಿ ನೋಡಿ ನಕ್ಕವು. ಆ ಕ್ಷಣದಲ್ಲೂ ನಾಗೂನ ಬಲಗೈ ಜೇಬಿನ ಮೇಲೆಯೇ ಇತ್ತು. ರೋಹಿತ್ ಸರ್ ಮೈಕಿನಲ್ಲಿ, "ಇದನ್ನ ಮೊದಲು ನಾನು ತಪ್ಪು ಅಂತ ವಾಪಸ್ ಕೊಟ್ಟಿದ್ದೆ. ಇದು ನಿಯಮ ಗೊತ್ತಿಲ್ದೆ ಮಾಡಿದ್ದಲ್ಲ, ನೋಡಿ ಮಾಡಿದ್ದು" ಅಂದರು. ಕಡ್ಡಿ ಮನುಷ್ಯ ನಡೆಯುತ್ತಲೇ ಇದ್ದ. ಎಡಗೈ ಎಡಗಾಲು, ಮತ್ತೆ ಎಡಗೈ ಎಡಗಾಲು. ನಾಗೂ ನಗಲಿಲ್ಲ, ಬೈಯಲಿಲ್ಲ, ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಅವನ ಮುಖ ನೋಡುವ ಧೈರ್ಯ ಮಾಡದೆ ಅವನ ಕೈಯನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ಹೊರಗಿನ ಜಗಲಿಗೆ ನನ್ನನ್ನು ಕರೆದುಕೊಂಡು ಬಂದ. ಅನಘಾ ಸ್ವಲ್ಪ ದೂರದಲ್ಲಿ, ಕಂಬಕ್ಕೆ ಒರಗಿ, ಉಗುರು ಕಚ್ಚುತ್ತಾ ನಿಂತಳು.

"ಪೆರೇಡ್ ವಿಷಯ ನೀನು ಹೇಳಿದ್ಯಾ ಅವಳಿಗೆ?"

"ಅವಳು ಬರೆದಾದ್ಮೇಲೆ ಹೇಳಿದೆ. ಅಲ್ಲಿ ತನಕ ನಂಗೇ ನೆನಪಿರ್ಲಿಲ್ಲ ಮಾರಾಯ."

"ಮತ್ತೆ ಅವಳಿಗೆ ಹೆಂಗೆ ಗೊತ್ತಾಯ್ತು?"

"ನೋಡಿ."

"ನೋಡಿ ಅಂದ್ರೆ?"

"ನೋಡಿ ಅಂದ್ರೆ ನೋಡಿ ಕಣೋ. ವರ್ಷಪೂರ್ತಿ ಇಲ್ಲಿ ಹೇಳ್ಕೊಡೋದು ಅದೊಂದನ್ನೇ. ನಂಗೆ ಬರ್ಲಿಲ್ಲ, ಅವಳಿಗೆ ಬಂತು. ನಾನು ಫೇಲು. ಅವಳು ಪಾಸು. ಗ್ರೇಸ್ ಮಾರ್ಕ್ ಕೊಟ್ಟಿಲ್ಲ."

 ಅವನು ಮಗಳನ್ನು ಕರೆದ. ಅವಳು ಬಂದಳು. ಏನೋ ಹೇಳಲು ಬಾಯಿ ತೆರೆದಳು, ಅವನು ಕೈ ಎತ್ತಿ ತಡೆದ.

"ಮುಂದಿನ ವರ್ಷದ ಕ್ಲಾಸು ಯಾವತ್ತಿಂದ ಶುರು?"

"ಜೂನ್‌ನಲ್ಲಿ ಅಪ್ಪಾ."

"ಹೂಂ" ಎಂದು ಮೆಟ್ಟಿಲಿಳಿಯಲು ಮುಂದಕ್ಕೆ ಬಾಗಿದ. ಆಗಲೇ ಜೇಬಿನಿಂದ ಕನ್ನಡಕದ ಡಬ್ಬಿ ಜಾರಿ ಕೆಳಗೆ ಬಿತ್ತು. ಬಲಗೈ ಅದರ ಜಾಗದಲ್ಲಿ ಇರಲಿಲ್ಲ. ಅನಘಾ ಓಡಿ ಹೆಕ್ಕಿ ಕೊಡಲು ಹೋದಳು. ಅವನು ತೆಗೆದುಕೊಳ್ಳಲಿಲ್ಲ.

"ನೀನೇ ಇಟ್ಕೊಂಡಿರು" ಎಂದ.

ಮತ್ತೆ ಕಾರು ನಿಲ್ಲಿಸಿದ ಕಡೆಗೆ, ಅಂಗಳದ ನಟ್ಟನಡುವೆ, ಎರಡೂ ಕೈ ಬೀಸಿಕೊಂಡು ಹೊರಟ. ಎಡಗೈಗೆ ಎಡಗಾಲು, ಬಲಗೈಗೆ ಬಲಗಾಲು. ಹಾಲಿನಿಂದ ಹೊರಬರುತ್ತಿದ್ದ ಜನವೆಲ್ಲ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ಅವನು ನಿಧಾನವಾಗಿ ನಡೆದ. ನಾನೂ ಅನಘಾಳೂ ಅವನ ಹಿಂದೆ ಹಿಂದೆ ಹೋದೆವು.